ಮನೆಯಲ್ಲಿ ಊದಲು ಮೆತ್ತನೆ ದನಿಯ ಟಿನ್ ವಿಸಲ್: ಸದ್ದು ಹುಟ್ಟುವುದೆಲ್ಲಿ, ತಗ್ಗುವುದೆಲ್ಲಿ

ನೋಡಲು ಒಂದು ಅಡಿ ಉದ್ದದ ಕೊಳವೆ, ಜೇಬಿನಲ್ಲಿಟ್ಟರೆ ಭಾರವೇ ಗೊತ್ತಾಗದು. ಆದರೂ ಮನೆಯಲ್ಲಿ ಯಾರೋ ಟಿನ್ ವಿಸಲ್ ಕಲಿಯಲು ಶುರುಮಾಡಿದ್ದಾರೆ ಎಂಬ ಸಂಗತಿ ವಾರದೊಳಗೆ ಇಡೀ ಮಹಡಿಗೆ ತಿಳಿದಿರುತ್ತದೆ. ಕೆಳಗಿನ ಸ್ವರಗಳನ್ನು ಯಾರೂ ಆಕ್ಷೇಪಿಸುವುದಿಲ್ಲ. ಮೇಲಿನ ಸ್ಥಾಯಿಗೆ ಏರಿದ ಕೂಡಲೇ ಪಕ್ಕದ ಕೋಣೆಯ ಬಾಗಿಲು ದಢಾರನೆ ಮುಚ್ಚಿಕೊಳ್ಳುತ್ತದೆ. ಐರ್ಲೆಂಡಿನಲ್ಲಿ ಎಷ್ಟೋ ಮಕ್ಕಳು ಪ್ರಾಥಮಿಕ ಶಾಲೆಯಲ್ಲೇ ಇದನ್ನು ಕಲಿಯುವುದರಿಂದ ಅಲ್ಲಿನ ಮನೆಗಳಿಗೆ ಇದು ಹಳೆಯ ಪಾಡು. ಈಗ ಐರಿಷ್ ಸಂಗೀತವನ್ನು ಯೂಟ್ಯೂಬಿನಲ್ಲಿ ಕೇಳಿ ಮೆಚ್ಚಿ, ಆನ್‌ಲೈನಿನಲ್ಲಿ ವಿಸಲ್ ತರಿಸಿಕೊಂಡು, ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲೋ ಡಬ್ಲಿನ್ನಿನ ಬಾಡಿಗೆ ಮನೆಯಲ್ಲೋ ಊದುವ ಕನ್ನಡಿಗರಿಗೂ ಅದೇ ಪಾಡು.

ಹೊಸಬರು ಮೊದಲು ಕೇಳುವುದು ಒಂದೇ: ಮೆಲ್ಲಗೆ ಊದಿದರೆ ಆಗುವುದಿಲ್ಲವೇ? ಆಗುವುದಿಲ್ಲ. ಯಾಕೆ ಎಂಬುದು ಅರ್ಥವಾದರೆ ಎಂಥ ವಿಸಲ್ ಕೊಳ್ಳಬೇಕು ಎಂಬ ಪ್ರಶ್ನೆಗೂ ಅರ್ಧ ಉತ್ತರ ಸಿಕ್ಕಂತೆ.

ಇದು ಎಂಥ ವಾದ್ಯ

ಕೊಳವೆಯ ಮೇಲೆ ಆರು ತೂತು, ತುದಿಗೊಂದು ಮೌತ್‌ಪೀಸ್. ಆರೂ ತೂತು ಮುಚ್ಚಿ ಊದಿದರೆ ಷಡ್ಜ. ಕೆಳಗಿನಿಂದ ಒಂದೊಂದೇ ಬೆರಳು ಎತ್ತುತ್ತ ಹೋದರೆ ಶಂಕರಾಭರಣದ ಸ್ವರಗಳು ಸಾಲಾಗಿ ಬರುತ್ತವೆ. ಮತ್ತೆ ಆರೂ ಮುಚ್ಚಿ ಉಸಿರನ್ನು ಬಿಗಿ ಮಾಡಿದರೆ ಮೇಲಿನ ಷಡ್ಜ. ಅಲ್ಲಿಂದ ಹೆಚ್ಚುಕಡಿಮೆ ಅವೇ ಬೆರಳುಗಳಲ್ಲಿ ಎರಡನೇ ಸ್ಥಾಯಿ. ಐರಿಷ್ ಸಂಗೀತದಲ್ಲಿ ಎಲ್ಲರೂ ಇಟ್ಟುಕೊಳ್ಳುವ ವಿಸಲ್ ‘ಡಿ’ ಶ್ರುತಿಯದು, ನಮ್ಮ ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಎರಡು.

ನಮ್ಮ ಅಡ್ಡ ಕೊಳಲಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ತುಟಿಯದು. ಕೊಳಲು ನುಡಿಸುವವರು ಗಾಳಿಯ ಎಳೆಯನ್ನು ತುಟಿಯಲ್ಲೇ ರೂಪಿಸುತ್ತಾರೆ. ಅದು ಎಷ್ಟು ತೆಳುವಾಗಿರಬೇಕು, ಯಾವ ಕೋನದಲ್ಲಿ ಹೋಗಬೇಕು, ತೂತಿನ ಅಂಚಿಗೆ ಎಷ್ಟು ದೂರದಿಂದ ತಾಗಬೇಕು ಎಂಬುದೆಲ್ಲ ಅವರ ಹಿಡಿತದಲ್ಲಿರುತ್ತದೆ. ಆದ್ದರಿಂದಲೇ ಒಂದೇ ಸ್ವರವನ್ನು ಜೋರಾಗಿಯೂ ಪಿಸುಮಾತಿನಂತೆಯೂ ನುಡಿಸಬಲ್ಲರು. ಟಿನ್ ವಿಸಲಿನಲ್ಲಿ ಈ ಕೆಲಸವನ್ನೆಲ್ಲ ಮೌತ್‌ಪೀಸ್ ವಹಿಸಿಕೊಂಡಿದೆ. ಊದುವವರ ಕೈಗೆ ಉಳಿಯುವುದು ಗಾಳಿಯ ಒತ್ತಡ ಮಾತ್ರ. ಜಾತ್ರೆಯಲ್ಲಿ ಮಕ್ಕಳಿಗೆ ಕೊಡಿಸುವ, ತುದಿಗೆ ಬೆಣೆ ಇಟ್ಟು ನೆಟ್ಟಗೆ ಹಿಡಿದು ಊದುವ ಬಿದಿರಿನ ಪೀಪಿಯೂ, ಇಂಗ್ಲಿಷ್ ಶಾಲೆಗಳ ರೆಕಾರ್ಡರೂ ಇದೇ ಕುಲದವು.

ಈ ಕುಲ ಹಳೆಯದಾದರೂ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ತಗಡಿನ ವಿಸಲಿನ ಕಥೆ ಶುರುವಾಗುವುದು 1843ರಲ್ಲಿ. ಇಂಗ್ಲೆಂಡಿನ ಸಫಕ್ ಸೀಮೆಯ ಕೋನಿ ವೆಸ್ಟನ್ ಹಳ್ಳಿಯ ರಾಬರ್ಟ್ ಕ್ಲಾರ್ಕ್ ತವರ ಲೇಪಿಸಿದ ತಗಡನ್ನು ಸುತ್ತಿ ವಿಸಲ್ ಮಾಡಿದ, ಆಮೇಲೆ ಮ್ಯಾಂಚೆಸ್ಟರಿನ ಕಡೆಗೆ ಹೋಗಿ ದೊಡ್ಡದಾಗಿ ತಯಾರಿಸತೊಡಗಿದ. ಅದು ಐರ್ಲೆಂಡಿನ ಕುಣಿತದ ಹಾಡುಗಳಿಗೆ ಒಗ್ಗಿತು. 1950ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಬೀದಿಗಳಲ್ಲಿ ಹುಡುಗರು ಇದೇ ವಾದ್ಯದಲ್ಲಿ ಕ್ವೇಲಾ ಸಂಗೀತ ಕಟ್ಟಿದರು. ಬೀದಿ, ಪಬ್ಬು, ಕುಣಿತದ ಕಟ್ಟೆ: ಎಲ್ಲ ಕಡೆಯೂ ಗದ್ದಲದ ನಡುವೆ ಕೇಳಿಸಬೇಕಾದ ವಾದ್ಯ. ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಕೂತು ಊದುವಾಗ ತೊಂದರೆ ಕೊಡುವುದು ಅದರ ಆ ಗುಣವೇ.

ಮೆಲ್ಲಗೆ ಊದಿದರೆ ಯಾಕೆ ಆಗುವುದಿಲ್ಲ

ಮೌತ್‌ಪೀಸನ್ನು ಹತ್ತಿರದಿಂದ ನೋಡಿದರೆ ಮೂರು ಭಾಗ ಕಾಣುತ್ತವೆ. ಬಾಯಿಟ್ಟ ಕಡೆಯಿಂದ ಒಳಕ್ಕೆ ಹೋಗುವ ಚಪ್ಪಟೆ ಸುರಂಗವನ್ನು ಗಾಳಿದಾರಿ ಎನ್ನೋಣ. ಅದು ಮುಗಿಯುವಲ್ಲಿ ಮೇಲ್ಗಡೆ ಚೌಕಾಕಾರದ ಒಂದು ಕಂಡಿ. ಕಂಡಿಯ ಆಚೆ ಬದಿಗೆ ಇಳಿಜಾರಾಗಿ ಮಸೆದ ಅಲಗು. ಊದಿದ ಗಾಳಿ ತೆಳುವಾದ ಹಾಳೆಯಾಗಿ ಕಂಡಿಯನ್ನು ದಾಟಿ ಅಲಗಿಗೆ ಬಡಿಯುತ್ತದೆ. ಒಂದು ಗಳಿಗೆ ಕೊಳವೆಯೊಳಕ್ಕೆ, ಮರುಗಳಿಗೆ ಹೊರಕ್ಕೆ ಹೊಯ್ದಾಡುತ್ತದೆ. ಈ ಹೊಯ್ದಾಟವೂ ಕೊಳವೆಯೊಳಗಿನ ಗಾಳಿಯ ಕಂಪನವೂ ಒಂದಕ್ಕೊಂದು ಕೂಡಿಬಂದಾಗ ಸ್ವರ ಹುಟ್ಟುತ್ತದೆ. ಡಿ ವಿಸಲಿನ ಅತಿ ಕೆಳಗಿನ ಸ್ವರದಲ್ಲಿ ಇದು ಸೆಕೆಂಡಿಗೆ ಸುಮಾರು 587 ಸಲ ನಡೆಯುತ್ತದೆ.

ಹೀಗೆ ಕೂಡಿಬರಬೇಕಾದರೆ ಗಾಳಿಯ ಹಾಳೆ ಕಂಡಿಯನ್ನು ಇಂತಿಷ್ಟೇ ವೇಗದಲ್ಲಿ ದಾಟಬೇಕು. ವೇಗ ಕೊಂಚ ತಗ್ಗಿದರೆ ಶ್ರುತಿ ಇಳಿಯುತ್ತದೆ. ಇನ್ನಷ್ಟು ತಗ್ಗಿದರೆ ಮೇಲಿನ ಸ್ಥಾಯಿಯ ಸ್ವರ ಒಡೆದು ಕೆಳಗಿನದಕ್ಕೆ ಬೀಳುತ್ತದೆ. ಮನೆಯವರಿಗೆ ಹೆದರಿ ಮೆಲ್ಲಗೆ ಊದುವವರ ಮೇಲುಸ್ಥಾಯಿ ಸದಾ ಅಪಸ್ವರವಾಗಿ ಕೇಳುವುದು ಇದರಿಂದಲೇ. ಪಾಪ, ಸದ್ದು ತಗ್ಗಿಸಲು ಹೋಗಿ ಅವರು ಕೇಳುಗರ ಕಷ್ಟವನ್ನು ಹೆಚ್ಚಿಸಿರುತ್ತಾರೆ. ಜೋರಾದ ಸರಿಯಾದ ಸ್ವರಕ್ಕಿಂತ ಮೆಲ್ಲನೆಯ ತಪ್ಪು ಸ್ವರವೇ ಹೆಚ್ಚು ಕಾಡುತ್ತದೆ.

ವೇಗವನ್ನು ಮುಟ್ಟುವಂತಿಲ್ಲ ಎಂದಮೇಲೆ ತಗ್ಗಿಸಲು ಉಳಿದಿರುವುದು ಗಾಳಿಯ ಪ್ರಮಾಣ. ಗಿಡಕ್ಕೆ ನೀರು ಬಿಡುವಾಗ ಪೈಪಿನ ತುದಿಯನ್ನು ಹೆಬ್ಬೆರಳಿನಿಂದ ಅರೆಬರೆ ಮುಚ್ಚಿದರೆ ಬರುವ ನೀರು ಕಡಿಮೆ, ಚಿಮ್ಮುವ ವೇಗ ಮಾತ್ರ ಜೋರು. ಮೆತ್ತನೆ ದನಿಯ ವಿಸಲಿನ ಗುಟ್ಟೂ ಅದೇ. ಗಾಳಿದಾರಿ ಕಿರಿದಾಗಿರುತ್ತದೆ, ಅದರಿಂದ ಕಡಿಮೆ ಗಾಳಿಯೇ ಸಾಕಷ್ಟು ವೇಗವಾಗಿ ಹೊರಡುತ್ತದೆ. ಸ್ವರ ನಿಲ್ಲುತ್ತದೆ, ಸದ್ದು ಕಡಿಮೆಯಾಗುತ್ತದೆ. ಅಂದರೆ ವಿಸಲಿನ ಸದ್ದಿನ ಬಹುಪಾಲು ತೀರ್ಮಾನವಾಗುವುದು ಊದುವವರ ಬಾಯಲ್ಲಲ್ಲ, ಮಾಡುವವರ ಕೈಯಲ್ಲಿ.

ಯಾವ ಅಳತೆಗಳನ್ನು ನೋಡಬೇಕು

ಗಾಳಿದಾರಿಯ ಎತ್ತರ, ಕಂಡಿಯ ಅಗಲ, ಕೊಳವೆಯ ಒಳವ್ಯಾಸ, ಈ ಮೂರೇ ಮುಖ್ಯ. ಸಾಮಾನ್ಯ ಡಿ ವಿಸಲಿನ ಒಳವ್ಯಾಸ 12 ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ಅದಕ್ಕಿಂತ ಅಗಲವಾದರೆ ಕೆಳಗಿನ ಸ್ವರಗಳು ತುಂಬಿಕೊಂಡು ಬರುತ್ತವೆ, ಆದರೆ ಮೇಲುಸ್ಥಾಯಿಗೆ ಏರಲು ಗಟ್ಟಿಯಾಗಿ ತಳ್ಳಬೇಕು, ಸದ್ದೂ ಏರುತ್ತದೆ. ಕಿರಿದಾದರೆ ಮೇಲುಸ್ಥಾಯಿ ಸಲೀಸು, ಒಟ್ಟು ದನಿ ಸಣ್ಣದು. ಮನೆಗೆ ಬೇಕಾದುದು ಎರಡನೆಯ ಬಗೆ.

ಅದಕ್ಕೂ ಒಂದು ಬೆಲೆ ಇದೆ. ಕಿರಿದಾದ ಕೊಳವೆಯಲ್ಲಿ ಷಡ್ಜ ಮತ್ತು ಅದರ ಮೇಲಿನ ಒಂದೆರಡು ಸ್ವರ ಬಲಹೀನ. ಕೊಂಚ ಹೆಚ್ಚು ಊದಿದರೂ ಅವು ಹಾರಿ ಮೇಲಿನ ಸ್ಥಾಯಿಗೆ ಹೋಗಿಬಿಡುತ್ತವೆ. ಹೊಸಬರಿಗೆ ಇದು ಕಿರಿಕಿರಿ ಅನ್ನಿಸುತ್ತದೆ. ಉಸಿರನ್ನು ಅಳತೆಯಲ್ಲಿಡುವ ಅಭ್ಯಾಸ ಮಾತ್ರ ಇದರಿಂದ ಬೇಗ ಬರುತ್ತದೆ.

ಹಿತ್ತಾಳೆಯೋ ನಿಕ್ಕಲ್ ಲೇಪನವೋ ಪ್ಲಾಸ್ಟಿಕ್ಕೋ ಎಂಬ ಪ್ರಶ್ನೆಗೆ ಅಂಗಡಿಯವರು ಬಹಳ ಮಹತ್ವ ಕೊಡುತ್ತಾರೆ. ಸದ್ದಿನ ಮಟ್ಟಿಗೆ ಇದು ಅಷ್ಟು ದೊಡ್ಡ ಸಂಗತಿಯಲ್ಲ. ಕಂಪಿಸುವುದು ಕೊಳವೆಯೊಳಗಿನ ಗಾಳಿಯೇ ಹೊರತು ಗೋಡೆಯಲ್ಲ. ಪ್ಲಾಸ್ಟಿಕ್ ವಿಸಲುಗಳಲ್ಲಿ ಅತಿ ಜೋರಿನವೂ ಇವೆ, ಅತಿ ಮೆತ್ತಗಿನವೂ ಇವೆ.

ಜೋರು ಬೇರೆ, ಚುಚ್ಚುವುದು ಬೇರೆ

ನಮ್ಮ ಕಿವಿ ಎಲ್ಲ ಸ್ವರಗಳನ್ನೂ ಒಂದೇ ಬಗೆಯಲ್ಲಿ ಕೇಳಿಸಿಕೊಳ್ಳುವುದಿಲ್ಲ. ಸರಿಸುಮಾರು 2,000ದಿಂದ 5,000 ಹರ್ಟ್ಸ್ ನಡುವಿನ ಸದ್ದಿಗೆ ಅದು ಬಹಳ ಸೂಕ್ಷ್ಮ. ಡಿ ವಿಸಲಿನ ಮೇಲುಸ್ಥಾಯಿಯ ನಿಷಾದದ ಹತ್ತಿರಕ್ಕೆ ಬಂದರೆ 2,000 ಹರ್ಟ್ಸ್ ಮುಟ್ಟಿಯೇಬಿಟ್ಟಂತೆ. ಮೇಲುಸ್ಥಾಯಿಗೆ ಹೆಚ್ಚು ಒತ್ತಡದ ಉಸಿರು ಬೇಕು, ಹಾಗಾಗಿ ಸದ್ದೂ ಹೆಚ್ಚು. ಕಿವಿಗೆ ಹೆಚ್ಚು ತಾಗುವ ಸೀಮೆಯೂ ಅದೇ. ಎರಡೂ ಸೇರಿ ಮನೆಮಂದಿಯ ತಾಳ್ಮೆ ಕೆಡಿಸುತ್ತವೆ.

ಇದಕ್ಕೊಂದು ಸುಲಭ ಉಪಾಯ ಶ್ರುತಿ ಇಳಿಸುವುದು. ಸಿ ಶ್ರುತಿಯ ವಿಸಲ್ ಡಿಗಿಂತ ಒಂದು ಸ್ವರ ಕೆಳಗೆ, ಬಿ-ಫ್ಲ್ಯಾಟ್ ವಿಸಲ್ ಎರಡು ಸ್ವರ ಕೆಳಗೆ. ಬೆರಳು ಹಿಡಿಯುವ ಕ್ರಮ ಅದೇ, ತೂತುಗಳ ನಡುವಿನ ಅಂತರ ಮಾತ್ರ ತುಸು ಹೆಚ್ಚು. ಕಲಿತದ್ದನ್ನೆಲ್ಲ ನೇರವಾಗಿ ಡಿ ವಿಸಲಿಗೆ ಸಾಗಿಸಬಹುದು. ಡಿ ಶ್ರುತಿಯ ಧ್ವನಿಮುದ್ರಣಗಳ ಜೊತೆ ಸೇರಿ ನುಡಿಸಲಾಗದು ಎಂಬುದೊಂದೇ ಕೊರತೆ. ಅದಕ್ಕೂ ಶ್ರುತಿ ಬದಲಿಸಿ ಕೇಳಿಸುವ ಆಪ್‌ಗಳಿವೆ.

ಹಾಗಾದರೆ ಇನ್ನೂ ಕೆಳಗಿಳಿದು ಲೋ ವಿಸಲನ್ನೇ ಕೊಳ್ಳಬಾರದೇ? 1970ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಬರ್ನಾರ್ಡ್ ಓವರ್ಟನ್ ಐರಿಷ್ ಕಲಾವಿದ ಫಿನ್‌ಬಾರ್ ಫ್ಯೂರಿಗಾಗಿ ಮಾಡಿಕೊಟ್ಟ ಲೋಹದ ವಿಸಲಿನಿಂದ ಈ ಬಗೆ ಹೆಸರಾಯಿತು. ಲೋ ಡಿ ಒಂದು ಪೂರ್ತಿ ಸ್ಥಾಯಿ ಕೆಳಗೆ, ಸುಮಾರು 60 ಸೆಂಟಿಮೀಟರ್ ಉದ್ದ. ದನಿ ಚುಚ್ಚುವುದಿಲ್ಲ, ನಿಜ. ಆದರೆ ಅದಕ್ಕೆ ಗಾಳಿ ಬಹಳ ಬೇಕು, ಬೆರಳುಗಳನ್ನು ಚಾಚಿ ಗೆಣ್ಣುಗಳಲ್ಲಿ ತೂತು ಮುಚ್ಚಬೇಕು. ತಗ್ಗಿನ ಸ್ವರಗಳು ಗೋಡೆಯನ್ನು ದಾಟುವುದೂ ಹೆಚ್ಚು ಸುಲಭ. ಮನೆಯೊಳಗಿನವರಿಗೆ ಹಿತ, ಪಕ್ಕದ ಮನೆಯವರಿಗೆ ಅಷ್ಟೇನೂ ಅಲ್ಲ. ಮೊದಲ ವಿಸಲಾಗಿ ಅದನ್ನು ಯಾರಿಗೂ ಹೇಳಲಾರೆ.

ಅಂಗಡಿಯಲ್ಲಿ ಸಿಗುವವುಗಳಲ್ಲಿ

ಕ್ಲಾರ್ಕ್ ಕಂಪನಿಯ ‘ಒರಿಜಿನಲ್’ ಈಗಲೂ ಹಳೆಯ ಬಗೆಯಲ್ಲೇ ಬರುತ್ತದೆ. ಸುತ್ತಿದ ತಗಡು, ಕೆಳಗೆ ಹೋದಂತೆ ಕಿರಿದಾಗುವ ಕೊಳವೆ, ಬಾಯಲ್ಲೊಂದು ಮರದ ಬೆಣೆ. ದನಿಯಲ್ಲಿ ಉಸಿರಿನ ಸುಯ್ಲು ಬೆರೆತಿರುತ್ತದೆ. ಕೆಲವರಿಗೆ ಅದು ದೋಷ, ಕೆಲವರಿಗೆ ಅದೇ ಸೊಗಸು. ಮೇಲುಸ್ಥಾಯಿ ಇದರಲ್ಲಿ ಅಷ್ಟು ಚುಚ್ಚುವುದಿಲ್ಲ, ಆದರೆ ಉಸಿರು ಬೇಗ ಮುಗಿಯುತ್ತದೆ. ಸಿ ಶ್ರುತಿಯಲ್ಲೂ ಸಿಗುತ್ತದೆ. ಅದೇ ಕಂಪನಿಯ ‘ಸ್ವೀಟೋನ್’ಗೆ ಪ್ಲಾಸ್ಟಿಕ್ ಮೌತ್‌ಪೀಸ್ ಇದೆ, ಕಡಿಮೆ ಗಾಳಿಗೂ ತೆರೆದುಕೊಳ್ಳುತ್ತದೆ, ದನಿ ಇನ್ನೂ ಶುದ್ಧ. ಮನೆಯಲ್ಲಿ ಕಲಿಯುವವರಿಗೆ ಒಂದೇ ಹೆಸರು ಹೇಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ.

ಜನರೇಷನ್ ಎಂಬ ಬ್ರಿಟಿಷ್ ವಿಸಲ್, 1978ರಿಂದ ಐರ್ಲೆಂಡಿನಲ್ಲಿ ತಯಾರಾಗುತ್ತಿರುವ ಫಿಯಡೋಗ್, ಇವೆರಡೂ ನೆಟ್ಟನೆಯ ಲೋಹದ ಕೊಳವೆಗೆ ಪ್ಲಾಸ್ಟಿಕ್ ತಲೆ ಸಿಕ್ಕಿಸಿದವು. ಸದ್ದು ಮಧ್ಯಮ. ಇಂಥ ಅಗ್ಗದ ವಿಸಲುಗಳಲ್ಲಿ ಒಂದರಂತೆ ಇನ್ನೊಂದು ಇರುವುದಿಲ್ಲ. ಅಚ್ಚಿನಿಂದ ಬಂದ ಪ್ಲಾಸ್ಟಿಕ್ಕಿನ ಸಣ್ಣ ಚೂರು ಗಾಳಿದಾರಿಯ ಅಂಚಿನಲ್ಲಿ ಉಳಿದಿದ್ದರೂ ಸಾಕು, ದನಿ ಗೊಗ್ಗರಾಗುತ್ತದೆ. ಜನರೇಷನ್ ಬಿ-ಫ್ಲ್ಯಾಟ್‌ನಲ್ಲೂ ಸಿಗುತ್ತದೆ, ಮನೆಗೆ ಅದು ಒಳ್ಳೆಯ ಆಯ್ಕೆ. ಸುಸಾಟೊ ಹೆಸರಿನ ಪ್ಲಾಸ್ಟಿಕ್ ವಿಸಲುಗಳು ಶ್ರುತಿಯಲ್ಲಿ ಗಟ್ಟಿ, ಸದ್ದಿನಲ್ಲೂ ಗಟ್ಟಿ. ಅಕಾರ್ಡಿಯನ್ ಪಕ್ಕದಲ್ಲಿ ಕೂತವರಿಗೆ ಅವು ವರ, ಮಲಗುವ ಕೋಣೆಗೆ ಬೇಡ. ಪಬ್ಬಿನ ಗೋಷ್ಠಿಗೆಂದು ಕೈಯಿಂದ ಮಾಡುವ ದುಬಾರಿ ವಿಸಲುಗಳಲ್ಲೂ ಬಹಳಷ್ಟು ಜೋರಿನವೇ. ಬೆಲೆ ಹೆಚ್ಚಿದಷ್ಟೂ ಮೆತ್ತಗಿರುತ್ತದೆ ಎಂದು ನಂಬಿ ಹಣ ಹಾಕಬೇಡಿ.

ಎರಡು ವಿಸಲ್ ಕೈಯಲ್ಲಿದ್ದರೆ ಹೋಲಿಸುವುದು ಸುಲಭ. ಫೋನಿನ ಡೆಸಿಬಲ್ ಆಪ್ ತೆರೆದು, ಫೋನನ್ನು ಒಂದು ಮೀಟರ್ ದೂರದಲ್ಲಿ ಕದಲದಂತಿಟ್ಟು, ಎರಡರಲ್ಲೂ ಕೆಳ ಷಡ್ಜ, ಕೆಳ ಪಂಚಮ, ಮೇಲುಸ್ಥಾಯಿಯ ಪಂಚಮ ಊದಿ. ಫೋನ್ ತೋರಿಸುವ ಅಂಕಿ ಕರಾರುವಾಕ್ಕಲ್ಲ, ಎರಡರ ನಡುವಿನ ಅಂತರವನ್ನು ನಂಬಬಹುದು. ಡೆಸಿಬಲ್ ಲೆಕ್ಕ ಮಾಮೂಲಿ ಕೂಡು-ಕಳೆ ಲೆಕ್ಕದಂತಲ್ಲ. 10 ಡೆಸಿಬಲ್ ಇಳಿದರೆ ಕಿವಿಗೆ ಸದ್ದು ಹೆಚ್ಚುಕಡಿಮೆ ಅರ್ಧವಾದಂತೆ ಅನ್ನಿಸುತ್ತದೆ. ಒಂದೆರಡು ಡೆಸಿಬಲ್ ವ್ಯತ್ಯಾಸಕ್ಕೆ ಹೊಸ ವಿಸಲ್ ಕೊಳ್ಳುವ ಅಗತ್ಯವಿಲ್ಲ.

ಇರುವುದನ್ನೇ ತಗ್ಗಿಸುವುದು

ಕೊಳವೆಯ ತುದಿಗೆ ಬಟ್ಟೆ ತುರುಕುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಟ್ರಂಪೆಟ್ಟಿಗೆ ಅದು ನಡೆಯುತ್ತದೆ, ಏಕೆಂದರೆ ಅದರ ಸದ್ದೆಲ್ಲ ತುದಿಯ ಅಗಲ ಬಾಯಿಂದಲೇ ಹೊರಬರುತ್ತದೆ. ವಿಸಲಿನ ಸದ್ದು ಮೇಲಿನ ಕಂಡಿಯಿಂದಲೂ ತೆರೆದ ತೂತುಗಳಿಂದಲೂ ಹೊರಡುತ್ತದೆ. ತುದಿ ಮುಚ್ಚಿದರೆ ಕೆಳ ಷಡ್ಜ ಕೆಡುತ್ತದೆ, ಉಳಿದದ್ದು ಹಾಗೇ ಇರುತ್ತದೆ.

ಕೆಲಸ ಮಾಡುವುದು ಕಂಡಿಯನ್ನು ಕಿರಿದಾಗಿಸುವ ಉಪಾಯ. ಸೆಲ್ಲೋಟೇಪಿನ ಸಣ್ಣ ಪಟ್ಟಿ ಕತ್ತರಿಸಿ ಕಂಡಿಯ ಒಂದು ಪಕ್ಕದಿಂದ ಅಂಟಿಸಿ, ಮೊದಲು ಒಂದೇ ಮಿಲಿಮೀಟರಿನಷ್ಟು ಮುಚ್ಚಿ ಊದಿ ನೋಡಿ. ಸಾಲದಿದ್ದರೆ ಇನ್ನೊಂದು ಪಕ್ಕದಿಂದಲೂ ಅಷ್ಟೇ. ಗೋಡೆಗೆ ಚಿತ್ರ ಅಂಟಿಸುವ ಬ್ಲೂ ಟ್ಯಾಕ್‌ನ ಸಾಸಿವೆ ಗಾತ್ರದ ಉಂಡೆಯನ್ನು ಕಂಡಿಯ ಮೂಲೆಗೆ ಒತ್ತಿದರೂ ಆದೀತು. ಮಧ್ಯದ ಭಾಗ, ಅಂದರೆ ಗಾಳಿ ಹೊರಟು ಅಲಗಿಗೆ ಮುಟ್ಟುವ ನೇರ ದಾರಿ, ತೆರೆದೇ ಇರಬೇಕು. ಅರ್ಧಕ್ಕಿಂತ ಹೆಚ್ಚು ಮುಚ್ಚಿದರೆ ಸ್ವರ ಹೋಗಿ ಬರೀ ಗಾಳಿಯ ಸದ್ದು ಉಳಿಯುತ್ತದೆ.

ಕಂಡಿ ಕಿರಿದಾದಾಗ ಶ್ರುತಿ ಇಳಿಯುತ್ತದೆ, ಇದು ತಪ್ಪದು. ತಂಬೂರಿ ಆಪ್‌ನಲ್ಲಿ ಡಿ ಶ್ರುತಿ ಇಟ್ಟು ಷಡ್ಜ ಊದಿ. ಕೆಳಗಿದ್ದರೆ ಮೌತ್‌ಪೀಸನ್ನು ಕೊಳವೆಯ ಮೇಲೆ ಇನ್ನಷ್ಟು ಒಳಕ್ಕೆ ತಳ್ಳಿ. ಹೊಸ ವಿಸಲುಗಳಲ್ಲಿ ತಲೆಯನ್ನು ಅಂಟಿನಿಂದ ಕೂರಿಸಿರುತ್ತಾರೆ. ಪ್ಲಾಸ್ಟಿಕ್ ಭಾಗವನ್ನು ಮಾತ್ರ ಬಿಸಿನೀರಿನಲ್ಲಿ ಒಂದು ನಿಮಿಷ ಅದ್ದಿ, ಬಟ್ಟೆಯಲ್ಲಿ ಹಿಡಿದು ತಿರುಚಿದರೆ ಅಂಟು ಬಿಡುತ್ತದೆ. ಕುದಿಯುವ ನೀರು ಬೇಡ, ಪ್ಲಾಸ್ಟಿಕ್ ಸೊಟ್ಟಗಾದೀತು. ಕ್ಲಾರ್ಕ್ ಒರಿಜಿನಲ್‌ನಲ್ಲಿ ತಲೆ ಬಿಚ್ಚುವುದಿಲ್ಲ, ಅದಕ್ಕೆ ಟೇಪು ಅಂಟಿಸಿದರೆ ಇಳಿದ ಶ್ರುತಿಯಲ್ಲೇ ಊದಬೇಕು.

ಕಿರಿದಾದ ದಾರಿಯಲ್ಲಿ ಉಸಿರಿನ ತೇವ ಬೇಗ ಕಟ್ಟಿಕೊಳ್ಳುತ್ತದೆ. ನಾಲ್ಕಾರು ನಿಮಿಷಕ್ಕೆ ದನಿ ಇದ್ದಕ್ಕಿದ್ದಂತೆ ಕಟ್ಟಿದರೆ ವಿಸಲ್ ಕೆಟ್ಟಿತೆಂದು ಗಾಬರಿಯಾಗಬೇಡಿ. ಕಂಡಿಯನ್ನು ಬೆರಳಿನಿಂದ ಮುಚ್ಚಿ ಒಮ್ಮೆ ಜೋರಾಗಿ ಊದಿದರೆ ನೀರು ಹೊರಬೀಳುತ್ತದೆ. ಶುರುಮಾಡುವ ಮುನ್ನ ಮೌತ್‌ಪೀಸನ್ನು ಅಂಗೈಯಲ್ಲಿಟ್ಟು ಬೆಚ್ಚಗೆ ಮಾಡಿಕೊಂಡರೆ ತೇವ ಕಟ್ಟುವುದೇ ಕಡಿಮೆ.

ಎಲ್ಲಿ ನಿಂತು ಊದುತ್ತೀರಿ

ಕೋಣೆಯ ಆಯ್ಕೆಗೆ ಹಣ ಖರ್ಚಿಲ್ಲ, ಆದರೂ ಇದರ ಕಡೆ ಗಮನ ಹೋಗುವುದು ಕಡಿಮೆ. ವಿಸಲಿನಂಥ ಏರುಸ್ವರದ ಸದ್ದನ್ನು ಇಟ್ಟಿಗೆ ಗೋಡೆ ಚೆನ್ನಾಗಿಯೇ ತಡೆಯುತ್ತದೆ. ಅದು ನುಸುಳುವುದು ಬಾಗಿಲ ಕೆಳಗಿನ ಸಂದಿಯಿಂದ, ತೆರೆದ ಕಿಟಕಿಯಿಂದ, ವೆಂಟಿಲೇಟರಿನಿಂದ. ಬಾಗಿಲಡಿಗೆ ಒಂದು ದಪ್ಪ ಟವೆಲ್ ಸುರುಳಿ ಇಟ್ಟು ಕಿಟಕಿ ಮುಚ್ಚಿದರೆ ಹೊರಗೆ ಕೇಳುವ ಸದ್ದು ಗಮನಕ್ಕೆ ಬರುವಷ್ಟು ಇಳಿಯುತ್ತದೆ.

ಕೋಣೆಯೊಳಗೆ ಏರುಸ್ವರವನ್ನು ನುಂಗುವುದು ಬಟ್ಟೆ. ಹಾಸಿಗೆ, ದಿಂಬು, ದಪ್ಪ ಪರದೆ ಇರುವ ಮಲಗುವ ಕೋಣೆ ಹಾಲಿಗಿಂತ ಮೇಲು. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು, ನೇತುಹಾಕಿದ ಸೀರೆ-ಶರಟುಗಳಿಗೆ ಮುಖಮಾಡಿ ನಿಂತು ಊದಿ ನೋಡಿ, ಮೇಲುಸ್ಥಾಯಿಯ ಮೊನಚೇ ಹೋಗುತ್ತದೆ. ಬಚ್ಚಲುಮನೆ ಇದಕ್ಕೆ ಪೂರಾ ತದ್ವಿರುದ್ಧ. ಟೈಲ್ಸಿಗೆ ಬಡಿದು ಮರಳುವ ಸದ್ದು ಊದುವವರಿಗೆ ಬಹಳ ಇಂಪು, ಆದರೆ ಅಪಾರ್ಟ್‌ಮೆಂಟಿನ ಬಚ್ಚಲುಗಳ ಕಿಂಡಿಗಳು ತೆರೆದುಕೊಳ್ಳುವುದು ಸಾಮಾನ್ಯವಾಗಿ ಒಂದೇ ಗಾಳಿಗೂಡಿಗೆ. ಮೇಲೆ ಕೆಳಗೆ ಎಲ್ಲ ಮನೆಗೂ ಕಛೇರಿ ಕೇಳಿಸಿದಂತೆ.

ಸದ್ದಿಲ್ಲದೆ ಮಾಡಬಹುದಾದದ್ದು

ಐರಿಷ್ ವಿಸಲಿನ ಅಲಂಕಾರಗಳೆಲ್ಲ ಹೆಚ್ಚಾಗಿ ಬೆರಳಿನ ಕೆಲಸ. ಸ್ವರದ ಮೊದಲಲ್ಲಿ ಮೇಲಿನ ಬೆರಳನ್ನು ಕ್ಷಣಕಾಲ ಎತ್ತಿ ಬಿಡುವ ಕಟ್, ಕೆಳಗಿನ ತೂತಿನ ಮೇಲೆ ಬೆರಳನ್ನು ಪಟ್ಟನೆ ಬಡಿದು ತೆಗೆಯುವ ಟ್ಯಾಪ್, ಎರಡನ್ನೂ ಪೋಣಿಸಿದ ರೋಲ್. ಇವನ್ನು ಕಲಿಯಲು ಊದಲೇಬೇಕೆಂದಿಲ್ಲ. ಮೌತ್‌ಪೀಸನ್ನು ಗಲ್ಲಕ್ಕೆ ಆನಿಸಿ, ಹಾಡನ್ನು ಬಾಯಲ್ಲಿ ಗುನುಗುತ್ತ ಬೆರಳಾಡಿಸಬಹುದು. ತೂತಿನ ಮೇಲೆ ಬೆರಳು ಬೀಳುವಾಗ ಸಣ್ಣದಾಗಿ ‘ಟಪ್’ ಎಂದು ಕೇಳುತ್ತದೆ. ಎರಡು ಬೆರಳು ಒಟ್ಟಿಗೆ ಬೀಳಬೇಕಾದಲ್ಲಿ ‘ಟಪಟಪ್’ ಎಂದು ಕೇಳಿದರೆ ಒಂದು ಬೆರಳು ತಡವಾಗಿದೆ ಎಂದರ್ಥ. ಊದುವಾಗ ಈ ತಪ್ಪು ಸ್ವರದಲ್ಲಿ ಮುಚ್ಚಿಹೋಗುತ್ತದೆ.

ಹೆಡ್‌ಫೋನಿನಲ್ಲಿ ಮಾತ್ರ ಕೇಳುವ ಎಲೆಕ್ಟ್ರಾನಿಕ್ ವಾದ್ಯಗಳೂ ಇವೆ. ವಾರ್ಬ್ಲ್ ಎಂಬುದರಲ್ಲಿ ವಿಸಲಿನ ಬೆರಳುಕ್ರಮವನ್ನೇ ಇಟ್ಟುಕೊಳ್ಳಬಹುದು. ಬೆರಳಿಗೆ ಅದು ಒಳ್ಳೆಯ ಸಾಧನೆ. ಆದರೆ ಗಾಳಿಯ ಹಾಳೆ ಅಲಗಿಗೆ ಬಡಿಯುವಾಗ ಉಸಿರಿಗೆ ಸಿಗುವ ಪ್ರತಿಕ್ರಿಯೆ ಅದರಲ್ಲಿ ಸಿಗುವುದಿಲ್ಲ. ಮೇಲುಸ್ಥಾಯಿಗೆ ಏರುವ ಒತ್ತಡವನ್ನು ನಿಜವಾದ ವಿಸಲಿನಲ್ಲೇ ಕಲಿಯಬೇಕು.

ಟೇಪು ಅಂಟಿಸಿದ ವಿಸಲಿಗೂ ಅದೇ ಮಾತು. ತಿಂಗಳುಗಟ್ಟಲೆ ಅದರಲ್ಲೇ ಊದಿದವರ ಉಸಿರು ಅದರ ಅಳತೆಗೆ ಒಗ್ಗಿರುತ್ತದೆ. ಟೇಪು ಕಿತ್ತು ಊದಿದ ದಿನ ಮೇಲುಸ್ಥಾಯಿ ಬೇಗ ಒಡೆಯುತ್ತದೆ. ಆದ್ದರಿಂದ ವಾರಕ್ಕೊಮ್ಮೆಯಾದರೂ ಟೇಪು ತೆಗೆದು, ತಾರಸಿಯಲ್ಲೋ ಪಾರ್ಕಿನ ಮೂಲೆಯಲ್ಲೋ ಹಗಲು ಹೊತ್ತಿನಲ್ಲಿ ಅರ್ಧ ಗಂಟೆ ಮೇಲುಸ್ಥಾಯಿಯ ಪಾಠಗಳನ್ನು ಪೂರ್ತಿ ಉಸಿರಿನಲ್ಲಿ ಊದಿ. ಮನೆಗೆ ಬಂದಮೇಲೆ ಟೇಪನ್ನು ಮೊದಲಿದ್ದ ಜಾಗಕ್ಕೇ ಅಂಟಿಸಲು ಕಂಡಿಯ ಪಕ್ಕ ಪೆನ್ನಿನಲ್ಲಿ ಒಂದು ಗೆರೆ ಎಳೆದಿಟ್ಟುಕೊಂಡರೆ ಪ್ರತಿ ಸಲವೂ ಶ್ರುತಿ ಹುಡುಕುವ ಕೆಲಸ ತಪ್ಪುತ್ತದೆ.